ಬೀರೇಶನಿಗೆ ಉಳಿದಿದ್ದ ಒಂದೇ ಮಾತು

ಮೂಗಿನ ಕೆಳಗೆ ರಕ್ತ ಒಣಗಿ ಕಪ್ಪಾಗಿತ್ತು. ನನಗೆ ಮೊದಲು ಕಂಡದ್ದು ಅದು.

ನನ್ನ ಮೊಮ್ಮಗ ಬೀರೇಶ ಜೀಪಿನ ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಆನಿಸಿಕೊಂಡು ಕೂತಿದ್ದ. ಘಟ್ಟದ ಕೆಳಗೆ ಕಟ್ಟಡದ ಕೆಲಸಕ್ಕೆ ಹೋದವನು. ಹೋಗುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು ಊರೆಲ್ಲ ಕೇಳುವಂತೆ ಕೂಗಾಡಿಕೊಂಡು ಹೋಗಿದ್ದ. ಬಂದಾಗ ಇಬ್ಬರು ರಟ್ಟೆ ಹಿಡಿದು ಇಳಿಸಬೇಕಾಯಿತು. ಅವನ ತಾಯಿ, ನನ್ನ ಸೊಸೆ ಗೌರಮ್ಮ, ಓಡಿ ಬಂದು ಹಣೆ ಮುಟ್ಟಿದಳು. ಬೆಚ್ಚಗಿತ್ತು.

"ಏನಾಯ್ತೋ ಮಗಾ?"

"ತಲೆ" ಎಂದ. ಮತ್ತೇನೋ ಹೇಳಲು ಬಾಯಿ ತೆರೆದ. ಮಾತು ಬರಲಿಲ್ಲ.

ಮಾತಾಡಿದವನು ಜೀಪು ತಂದ ಮೇಸ್ತ್ರಿ. "ಜ್ವರ ಬಂದೇತಿ ಅಜ್ಜ. ನಿಮ್ಮ ಕಡೀದೇ ಕಾಯಿಲೆ, ಮತ್ತೇನಲ್ಲ. ಹೋದ ಸಲ ಊರಿಗೆ ಬಂದಾಗ ಕುರಿ ಹಿಂದೆ ಕಾಡಿಗೆ ಹೋಗಿದ್ನಂತಲ್ಲ, ಉಣುಗು ಕಚ್ಚಿರಬೇಕು. ಕೆಲಸ ಬಿಟ್ಟು ಕರ್ಕಂಡು ಬಂದೀನಿ ನೋಡ್ರಿ."

ಈ ಮೇಸ್ತ್ರಿ ಶಿರಾಳಕೊಪ್ಪದ ಹತ್ತಿರದವನು. ನಮ್ಮ ಸುತ್ತಲ ಹಳ್ಳಿಯ ಹುಡುಗರನ್ನು ಕಡಲ ಕಡೆಯ ಊರುಗಳಿಗೆ ಕೆಲಸಕ್ಕೆ ಕರೆದುಕೊಂಡು ಹೋಗುವುದು ಅವನ ಕಸುಬು. ಅವನ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಪೊಲೀಸರ ಹತ್ತಿರ ಇದೆ. ಅಲ್ಲೇ ಇರಲಿ, ನಾನು ಯಾಕೆ ಹಾಳೆ ಹೊಲಸು ಮಾಡಲಿ.

ಮಂಗನ ಕಾಯಿಲೆ.

ನಮ್ಮ ಕಡೆ ಈ ಮಾತು ಬಿದ್ದರೆ ಮುಂದೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕ್ಯಾಸನೂರಿನ ಕಾಡು ನಾವು ಕುರಿ ಹೊಡೆಯುವ ದಾರಿಗೆ ದೂರವೇನಲ್ಲ. ಸತ್ತ ಮಂಗ ಕಂಡರೆ ಅದರ ಮೈಯಿಂದ ಉದುರಿದ ಉಣುಗು ಹತ್ತೀತೆಂದು ಆ ಕಡೆ ಹೆಜ್ಜೆ ಇಡಬಾರದು, ಕೈಕಾಲಿಗೆ ಎಣ್ಣೆ ಹಚ್ಚದೆ ಸೊಪ್ಪಿಗೆ ಹೋಗಬಾರದು, ಇದೆಲ್ಲ ನಾವು ನಡೆಯಲು ಕಲಿಯುವಾಗಲೇ ಕಲಿತದ್ದು. ಆಗ ಬಿಸಿಲು ಏರುವ ಕಾಲ, ಈ ಕಾಯಿಲೆ ಹಬ್ಬುವ ಕಾಲ. ಜ್ವರ ಇದೆ, ತಲೆನೋವು ಇದೆ, ಮೂಗಿನಲ್ಲಿ ರಕ್ತ ಬಂದಿದೆ. ಇನ್ನೇನು ಬೇಕು? ಬೇರೆ ಸೀಮೆಯವರಾಗಿದ್ದರೆ ಎಲ್ಲಿ ಬಿದ್ದೆ ಎಂದು ಕೇಳುತ್ತಿದ್ದರೋ ಏನೋ. ನಾವು ಅಂಗಿ ಬಿಚ್ಚಿ ಉಣುಗು ಕಚ್ಚಿದ ಗುರುತು ಹುಡುಕಿದೆವು. ಬೆನ್ನ ಮೇಲೆ ಕೆಂಪು ಗಾಯ ಸಿಕ್ಕಿತು. ಇದೇ ನೋಡು ಎಂದೆವು.

ಸೊರಬದ ಆಸ್ಪತ್ರೆಗೆ ಸೇರಿಸಿದೆವು. ನಾವೇ ಮಂಗನ ಕಾಯಿಲೆ ಎಂದು ಹೇಳಿಕೊಂಡು ಹೋದ ಮೇಲೆ ಅವರೂ ಅದಕ್ಕೇ ರಕ್ತ ತೆಗೆದುಕೊಂಡರು. ರಿಪೋರ್ಟ್ ಬರಬೇಕು ಎಂದರು. ಡ್ರಿಪ್ ಹಾಕಿದರು. ಬೀರೇಶ ಮಲಗಿದ್ದಲ್ಲೇ ಮಲಗಿದ. ಎಬ್ಬಿಸಿದರೆ ಕಣ್ಣು ಬಿಡುವುದು, ಮತ್ತೆ ಮುಚ್ಚುವುದು. ಗೌರಮ್ಮ ಗಂಜಿ ಲೋಟ ಹಿಡಿದಾಗ ಅವನು ಎಡಗೈ ಚಾಚಿದ. ರೌಂಡ್ಸಿಗೆ ಬಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಅಲ್ಲೇ ನಿಂತರು.

"ಇವರು ಎಡಚರಾ ಅಜ್ಜ?"

"ಇಲ್ಲಮ್ಮ, ಬಲಗೈನವ್ನೇ."

ಎರಡೂ ಕೈ ಮುಂದೆ ಚಾಚಿಸಿ ಕಣ್ಣು ಮುಚ್ಚಿಸಿದರು. ಎಡಗೈ ನಿಂತಿತು. ಬಲಗೈ ತಾನಾಗಿಯೇ ಇಳಿಯುತ್ತಾ ಇಳಿಯುತ್ತಾ ಹಾಸಿಗೆಗೆ ಬಂತು. ಡಾಕ್ಟರಮ್ಮನ ಮುಖ ಬದಲಾಯಿತು. "ಇದು ಮಂಗನ ಕಾಯಿಲೆ ತರ ಇಲ್ಲ. ತಲೆ ಸ್ಕ್ಯಾನ್ ಆಗ್ಬೇಕು. ಶಿವಮೊಗ್ಗಕ್ಕೆ ಈಗ್ಲೇ ಹೊರಡಿ" ಎಂದು ಆಂಬುಲೆನ್ಸ್ ತಾವೇ ಕರೆಸಿದರು. ಆ ತಾಯಿಯ ಹೊಟ್ಟೆ ತಣ್ಣಗಿರಲಿ. ಈ ಬರಹದಲ್ಲಿ ನಾನು ಹರಸುವವರು ಕಡಿಮೆ. ಅವರಲ್ಲಿ ಈ ಡಾಕ್ಟರಮ್ಮನೇ ಮೊದಲಿನವರು.

ಶಿವಮೊಗ್ಗದಲ್ಲಿ ಸ್ಕ್ಯಾನ್ ಆಯಿತು. ದೊಡ್ಡ ಡಾಕ್ಟರು ಒಳಗೆ ಕರೆದರು.

"ಎಲ್ಲಿಂದ ಬಿದ್ದದ್ದು ಇವರು?"

ನಾನು, ಬಿದ್ದಿಲ್ಲ ಸಾರ್, ಜ್ವರ ಎಂದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ನನಗೆ ಸ್ಕ್ಯಾನು ನೋಡಲು ಬರುವುದಿಲ್ಲ, ಆದರೆ ಬಿರುಕು ಕಂಡರೆ ಬಿರುಕು ಎಂದು ತಿಳಿಯದೆ ಇರುತ್ತದೆಯೇ? "ಬುರುಡೆ ಸೀಳಿದೆ. ಒಳಗೆ ರಕ್ತ ಹೆಪ್ಪುಗಟ್ಟಿ ಮೆದುಳನ್ನ ಒತ್ತುತ್ತಾ ಇದೆ. ಜ್ವರದಿಂದ ಹೀಗಾಗಲ್ಲ ಅಜ್ಜ. ಎತ್ತರದಿಂದ ಬಿದ್ದಿದಾರೆ. ಆಪರೇಷನ್ ಮಾಡ್ಲೇಬೇಕು."

ಅವರು ತೋರಿಸಿದ ಕಡೆ ರುಜು ಹಾಕಿ ಹೊರಗೆ ಬಂದೆ.

ಗೌರಮ್ಮ ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಹಚ್ಚಿದಳು. ನಾನು ಕಿವಿಗೆ ತೆಗೆದುಕೊಂಡೆ.

"ಯಾರ್ ಹೇಳಿದ್ರು ಬಿದ್ದ ಅಂತ?" ಎಂದ. "ನಿಮ್ಮನೆ ಬಚ್ಚಲದಾಗ ಜಾರಿರ್ಬೇಕು ನೋಡ್ರಿ. ಬೇಕಂದ್ರ ಅವನನ್ನೇ ಕೇಳ್ರಿ. ಹೇಳ್ತಾನಾ?"

ಹೇಳ್ತಾನಾ ಎನ್ನುವಾಗ ಅವನ ದನಿಯಲ್ಲಿ ಒಂದು ಸಣ್ಣ ನಗು ಇತ್ತು. ನಾನು ಕೇಳಿಸಿಕೊಂಡೆ. ಬೀರೇಶನ ಬಾಯಿ ಬಿದ್ದುಹೋಗಿದೆ, ಇನ್ನು ಏಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ಮಂಗನ ಕಾಯಿಲೆ ಎನ್ನುವುದು ಹೊರಗಿನವನಿಗೆ ಹೊಳೆಯುವ ಸುಳ್ಳಲ್ಲ. ಬೇರೆ ಕಡೆಯ ಮೇಸ್ತ್ರಿಯಾಗಿದ್ದರೆ ಬೈಕಿನಿಂದ ಬಿದ್ದ, ಕುಡಿದು ಬಿದ್ದ ಎನ್ನುತ್ತಿದ್ದ. ನಾವು ಏನು ಹೇಳಿದರೆ ಬಾಯಿ ಮುಚ್ಚುತ್ತೇವೆ ಎಂದು ಇವನಿಗೆ ಗೊತ್ತು. ನಮ್ಮ ಊರಿನ ಭಯವನ್ನೇ ತೆಗೆದು ನಮ್ಮ ಮಗುವಿನ ಮುಖದ ಮೇಲೆ ಹೊದಿಸಿದ. ಆ ಹೊದಿಕೆಯ ಕೆಳಗೆ ನಾವು ಎಣ್ಣೆ, ಉಣುಗು ಎನ್ನುತ್ತಾ ಕೂತಿದ್ದಾಗ ಮಗುವಿನ ತಲೆಯೊಳಗೆ ರಕ್ತ ತುಂಬುತ್ತಿತ್ತು.

ಆಪರೇಷನ್ ಥಿಯೇಟರಿನ ಬಾಗಿಲ ಮುಂದೆ ಕೂತು ನಮ್ಮ ಮನೆದೇವರು ಬೀರಪ್ಪನಲ್ಲಿ ಎರಡು ಬೇಡಿದೆ. ಹುಡುಗ ಬದುಕಲಿ. ಬದುಕಿ ಮಾತಾಡಲಿ. ಒಂದನೆಯದನ್ನು ಅಳುತ್ತಾ ಬೇಡಿದೆ, ಎರಡನೆಯದನ್ನು ಹಲ್ಲು ಕಚ್ಚಿ ಬೇಡಿದೆ. ದೇವರ ಮುಂದೆ ಸುಳ್ಳು ಹೇಳಿ ಏನು ಪ್ರಯೋಜನ? ಎರಡನೆಯದು ಸೇಡಿಗೆ ಬೇಡಿದ್ದು.

ಬದುಕಿದ.

ಈ ಒಂದು ಮಾತನ್ನು ಬರೆಯಲು ನನಗೆ ಎಷ್ಟು ಸಂತೋಷವೆಂದರೆ, ಹಾಳೆಯ ತುಂಬ ಇದನ್ನೇ ಬರೆಯಬೇಕು ಎನಿಸುತ್ತದೆ. ಬದುಕಿದ, ಬದುಕಿದ. ಐಸಿಯು ಗಾಜಿನಾಚೆ ಬೋಳು ತಲೆಗೆ ಬಿಳಿ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ. ಹುಟ್ಟಿದ ದಿನ ಹೇಗಿದ್ದನೋ ಹಾಗೇ ಕಂಡ. ನಾನು ಅಲ್ಲಿದ್ದವರಿಗೆಲ್ಲ, ಪರಿಚಯ ಇಲ್ಲದವರಿಗೂ, ನನ್ನ ಮೊಮ್ಮಗ ಕಣ್ಣು ಬಿಟ್ಟ ಎಂದು ಹೇಳಿಕೊಂಡು ಓಡಾಡಿದೆ. ಸೆಕ್ಯುರಿಟಿಯವನು, "ಅಜ್ಜ, ಕೂತ್ಕೊಳ್ರಿ, ಇಲ್ಲಾಂದ್ರೆ ನಿಮ್ಮನ್ನೂ ಅಡ್ಮಿಟ್ ಮಾಡ್ಕೋತಾರೆ" ಎಂದ.

ದೊಡ್ಡ ಡಾಕ್ಟರು ಮಾತ್ರ ಹುಷಾರಾಗಿ ಮಾತಾಡಿದರು. ಜೀವಕ್ಕೆ ಅಪಾಯ ದಾಟಿದೆ. ಬಲಗೈ ನಿಧಾನ. ಮಾತು ಎಷ್ಟು ಬರುತ್ತದೆ ಎಂದು ಈಗಲೇ ಹೇಳಲಾಗದು.

ವಾರ್ಡಿಗೆ ತಂದ ಮೇಲೆ ಬೆಳಿಗ್ಗೆ ಗೌರಮ್ಮ ಮುಖ ಒರೆಸುತ್ತಿದ್ದಳು. ಅವನ ತುಟಿ ಅಲ್ಲಾಡಿತು.

"ಹಲಗೆ."

ಗೌರಮ್ಮ ಒದ್ದೆ ಬಟ್ಟೆ ಬಿಟ್ಟು ಎದೆ ಬಡಿದುಕೊಂಡಳು. ನಮ್ಮ ಕಡೆ ಹೆಣದ ಮುಂದೆ ಬಾರಿಸುವ ವಾದ್ಯಕ್ಕೂ ಹಲಗೆ ಎನ್ನುತ್ತಾರೆ. "ಮಾವಾ, ಇವನಿಗೆ ಹಲಗೆ ಸದ್ದು ಕೇಳ್ತಾ ಐತಂತೆ. ಹೋಗೋ ದಾರಿ ಕಾಣ್ತಾ ಐತೆ ನನ್ ಮಗನಿಗೆ" ಎಂದು ವಾರ್ಡೆಲ್ಲ ಕೇಳುವಂತೆ ಅತ್ತಳು. ಸಿಸ್ಟರು ಓಡಿ ಬಂದರು. ಅವರಿಗೆ ಹಲಗೆ ಎಂದರೆ ಬರೆಯುವ ಹಲಗೆ. ಬಾಯಲ್ಲಿ ಬರದ್ದನ್ನು ಬರೆದು ಹೇಳುತ್ತಾನೇನೋ ಎಂದು ಒಂದು ಸಣ್ಣ ಬೋರ್ಡು ತಂದು ಕೊಟ್ಟರು. ಬೀರೇಶ ಅದನ್ನು ಎಡಗೈಯಲ್ಲಿ ದೂಡಿ, ಮತ್ತೆ ಹಲಗೆ ಎಂದ. ಕಣ್ಣಲ್ಲಿ ನೀರು.

ಆಮೇಲೆ ಎಲ್ಲದಕ್ಕೂ ಅದೇ. ನೀರು ಬೇಕಾದರೂ ಹಲಗೆ, ತಾಯಿಯನ್ನು ಕರೆದರೂ ಹಲಗೆ. ಮೆದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟಾದರೆ ಹೀಗೆ ಒಂದೇ ಮಾತು ಉಳಿಯುವುದುಂಟು, ಅದಕ್ಕೆ ಅರ್ಥ ಇರಲೇಬೇಕೆಂದಿಲ್ಲ ಎಂದು ಸ್ಪೀಚ್ ಥೆರಪಿಯ ಹುಡುಗಿ ತಿಳಿಸಿ ಹೇಳಿದಳು.

ನನಗೆ ಸಮಾಧಾನವಾಗಲಿಲ್ಲ. ಮೊಮ್ಮಗನನ್ನು ಸೊಸೆಗೆ ಒಪ್ಪಿಸಿ ಆನವಟ್ಟಿಗೆ ಬಸ್ಸು ಹತ್ತಿದೆ. ಬೀರೇಶನ ಜೊತೆಗೇ ಕೆಲಸಕ್ಕೆ ಹೋಗಿದ್ದ ಮಂಜ ಊರಿಗೆ ಬಂದಿದ್ದಾನೆ ಎಂದು ಸುದ್ದಿ ಸಿಕ್ಕಿತ್ತು. ಆನವಟ್ಟಿಯ ಗ್ಯಾರೇಜೊಂದರ ಮುಂದೆ ಸಿಕ್ಕಿದ. ನನ್ನನ್ನು ಕಂಡವನೇ ಬೈಕಿಗೆ ಕಿಕ್ ಹೊಡೆಯತೊಡಗಿದ. ಅದು ಸ್ಟಾರ್ಟ್ ಆಗಲಿಲ್ಲ. ಆ ಬೈಕಿಗೂ ಒಂದು ಹರಕೆ ಹೇಳಿಕೊಳ್ಳಬೇಕು ನಾನು.

"ಲೇ ಮಂಜ, ಎತ್ಲಾಗೆ ಓಡ್ತೀಯೋ? ನಮ್ಮನೆ ರೊಟ್ಟಿ ತಿಂದವ್ನು ನೀನು."

"ನಂಗೇನೂ ಗೊತ್ತಿಲ್ಲ ಅಜ್ಜ. ನಾನು ಅತ್ಲಾಗೆ ಇದ್ದೆ."

"ಎತ್ಲಾಗೆ?"

"ಅತ್ಲಾಗೇ... ಸಿಮೆಂಟ್ ಕಲಸ್ತಾ ಇದ್ದೆ."

"ನಾನು ಏನೂ ಕೇಳೇ ಇಲ್ವಲ್ಲೋ, ಆಗ್ಲೇ ಅತ್ಲಾಗೆ ಇದ್ದೆ ಅಂತೀಯ!"

ಮತ್ತೆ ಕಿಕ್ ಹೊಡೆದ. ನಾನು ಬೈಯಲೆಂದೇ ಹೋದವನು. ಆದರೆ ಅವನು ನನ್ನ ಮುಖ ನೋಡದೆ ಬೈಕಿನ ಕೀಲಿ ತಿರುವುತ್ತಿದ್ದುದು ಕಂಡು ಬೈಗುಳ ಬಾಯಿಗೆ ಬರಲಿಲ್ಲ. "ನಿನ್ನ ಗೆಳೆಯನಿಗೆ ಈಗ ಒಂದೇ ಮಾತು ಬರೋದು ಕಣೋ. ನಂಗೆ ಅಜ್ಜ ಅನ್ನಾಕೆ ಬರಲ್ಲ, ಅವರವ್ವಗೆ ಅವ್ವ ಅನ್ನಾಕೆ ಬರಲ್ಲ. ಎಲ್ಲದಕ್ಕೂ ಹಲಗೆ ಅಂತಾನೆ" ಎಂದೆ.

ಮಂಜ ಬೈಕು ಬಿಟ್ಟ. ಬೈಕು ಪಕ್ಕಕ್ಕೆ ಬಿತ್ತು. ಅಲ್ಲೇ ಗ್ಯಾರೇಜಿನ ಎಣ್ಣೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಅಳತೊಡಗಿದ.

ಗೋಡೆಗೆ ಹೊರಗಿನಿಂದ ಗಾರೆ ಮಾಡಲು ಕಂಬ ಕಟ್ಟಿ, ಅಡ್ಡಕ್ಕೆ ಹಲಗೆ ಹಾಕಿ, ಅದರ ಮೇಲೆ ನಿಲ್ಲುತ್ತಾರಂತೆ. ಬೀರೇಶ ನಿಲ್ಲುತ್ತಿದ್ದ ಹಲಗೆ ಲಡ್ಡಾಗಿತ್ತು, ಒಳಗೆಲ್ಲ ಹುಳ ತಿಂದು ಪುಡಿಪುಡಿ. ಬೀರೇಶ ಮೇಸ್ತ್ರಿಗೆ ಹೇಳಿದ. ಮೇಸ್ತ್ರಿ ನಾಳೆ ಬದಲಾಯಿಸೋಣ ಎಂದ. ಮರುದಿನ ಮತ್ತೆ ಹೇಳಿದ. ಮತ್ತೆ ನಾಳೆ. "ಹಲಗೆ ಹಲಗೆ ಅಂತ ಜಪ ಮಾಡ್ಬ್ಯಾಡ, ಹೆದರಿಕೆ ಆದ್ರ ಊರಿಗೆ ಹೋಗಿ ಕುರಿ ಕಾಯಿ ಹೋಗು" ಎಂದು ಎಲ್ಲರ ಮುಂದೆ ನಗೆಯಾಡಿದ. ಆ ಮಾತಿಗೆ ಹುಡುಗ ಹತ್ತಿದ. ಹಲಗೆ ಮುರಿಯಿತು.

"ಆಸ್ಪತ್ರೆಗೆ ಯಾಕೆ ಒಯ್ಯಲಿಲ್ವೋ?"

"ಒಯ್ದ್ರೆ ಕೇಸ್ ಆಗ್ತೈತೆ ಅಂದ. ಶೆಡ್ಡಲ್ಲಿ ಮಲಗಿಸಿದ್ವಿ. ಎದ್ದು ಕೂತ, ವಾಂತಿ ಮಾಡ್ದ. ಯಾರಾದ್ರೂ ಬಾಯಿ ಬಿಟ್ರೆ ಇನ್ಮೇಲೆ ಯಾವ ಸೈಟಲ್ಲೂ ಕೆಲಸ ಸಿಗದಂಗೆ ಮಾಡ್ತೀನಿ ಅಂದ ಅಜ್ಜ. ಆ ಹಲಗೇನ ಆವತ್ತೇ ಒಲೆಗೆ ಹಾಕಿಸ್ದ. ಅದ್ರಲ್ಲೇ ನಮಗೆ ಅನ್ನ ಆಯ್ತು."

ಆ ಅನ್ನ ಉಂಡವರಲ್ಲಿ ಇವನೂ ಒಬ್ಬ. ಅದನ್ನು ನಾನು ಹೇಳಲಿಲ್ಲ. ಅವನಿಗೇ ಗೊತ್ತಿತ್ತು, ಅದಕ್ಕೇ ಅಳುತ್ತಿದ್ದ. ನಡಿ, ಪೊಲೀಸರ ಮುಂದೆ ಹೇಳು ಎಂದೆ. ಬೀರೇಶ ಹೇಳಲಿ, ಆಮೇಲೆ ನಾನೂ ಹೇಳ್ತೀನಿ ಎಂದ. ಹೆದರಿದವರ ಮಾತು ಹಾಗೇ ಇರುತ್ತದೆ. ಮತ್ತೆ ಎಲ್ಲವೂ ನನ್ನ ಮೊಮ್ಮಗನ ನಾಲಿಗೆಗೇ ಬಂದು ನಿಂತಿತು.

ಶಿರಾಳಕೊಪ್ಪದ ಸಂತೆಯ ದಿನ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದೆ. ಹೋಟೆಲ್ಲಿನಲ್ಲಿ ಜನರ ಮಧ್ಯೆ ಕೂತಿದ್ದ. ಎದ್ದು ನಿಂತು, "ಬರ್ರಿ ಅಜ್ಜಾರೆ, ಚಾ ಕುಡೀರಿ. ಹುಡುಗ ಹೆಂಗದಾನ?" ಎಂದ.

"ಬದುಕಿದಾನೆ. ನಿನ್ ಅಂದಾಜು ತಪ್ತು" ಎಂದೆ. "ಮಂಗನ ಕಾಯಿಲೆ ಅಂದ್ಯಲ್ಲ, ಕೇಳು. ಮಂಗ ತಾನು ಸತ್ತು ಕಾಯಿಲೆ ಐತೆ ಅಂತ ಊರಿಗೆ ತಿಳಿಸ್ತೈತೆ. ನೀನು ಊರಿನ ಮಗನ್ನ ಸಾಯಾಕೆ ಬಿಟ್ಟು ಕಾಯಿಲೆ ಐತೆ ಅಂತ ತಿಳಿಸ್ದೆ. ಮಂಗನೇ ವಾಸಿ."

ಯಾರೋ ಹಿಂದೆ ಕಿಸಕ್ಕೆಂದು ನಕ್ಕರು. ಅವನ ಮುಖ ಕೆಂಪಾಯಿತು. "ವಯಸ್ಸಾದವ್ರು ಅಂತ ಸುಮ್ನಿದೀನಿ" ಎಂದ. "ಸುಮ್ನಿರು, ನಿಂಗೆ ಅಭ್ಯಾಸ ಆಗ್ಲಿ" ಎಂದು ಹೇಳಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಇನ್ನೂ ಒಳ್ಳೊಳ್ಳೆಯ ಬೈಗುಳ ಹೊಳೆದವು. ಇಳಿದು ವಾಪಸು ಹೋಗೋಣವೇ ಎನಿಸಿತು.

ಅಷ್ಟಕ್ಕೆ ನನ್ನ ಹೊಟ್ಟೆಯುರಿ ಆರಲಿಲ್ಲ. ಮೇಸ್ತ್ರಿಗೆ ಹೊಲವೂ ಇದೆ. ಜೋಳ ಕಟಾವಾದ ಮೇಲೆ ಪ್ರತಿ ವರ್ಷ ನಮ್ಮವರ ಕುರಿಗಳು ಅವನ ಹೊಲದಲ್ಲಿ ತಂಗುತ್ತಿದ್ದವು. ಕುರಿ ಮಂದೆ ಒಂದು ಕಡೆ ಕೂತು ಎದ್ದರೆ ಆ ನೆಲಕ್ಕೆ ಬೇರೆ ಗೊಬ್ಬರ ಬೇಡ. ಅದಕ್ಕೇ ಹೊಲದವರು ಬಂದು ಕೈ ಮುಗಿದು ಮಂದೆ ಕರೆಯುತ್ತಾರೆ. ನನ್ನ ಮಗ ನಿಂಗಪ್ಪ, ಬೀರೇಶನ ಅಪ್ಪ, ಮಂದೆ ಬಿಟ್ಟು ಬರಲಾಗದೆ ಅದರ ಜೊತೆಗೇ ಇದ್ದ. ಅವನಿಗೂ ಉಳಿದ ಕುರಿಯವರಿಗೂ ಹೇಳಿ ಕಳಿಸಿದೆ. ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಎಲ್ಲ ಮಂದೆ ಅವನ ಹೊಲದ ಬದುವಿನ ಪಕ್ಕದಲ್ಲೇ, ನಿಧಾನವಾಗಿ, ಅವನು ನೋಡುತ್ತಿರುವಂತೆಯೇ ಹೋದವು. ಹೋಗಿ ಪಕ್ಕದ ಹೊಲದಲ್ಲಿ ತಂಗಿದವು. ಆ ಹೊಲದವನಿಗೂ ಮೇಸ್ತ್ರಿಗೂ ಬದುವಿನ ಜಗಳ ಇರುವುದು ಎಲ್ಲರಿಗೂ ಗೊತ್ತು. ಅವನ ಹೊಲಕ್ಕೆ ನಮ್ಮ ಕುರಿಯ ಒಂದು ಹಿಕ್ಕೆಯೂ ಬೀಳಲಿಲ್ಲ. ಇದನ್ನು ಬರೆಯುವಾಗ ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗಿದೆ.

ಅತ್ತ ಆಸ್ಪತ್ರೆಯಲ್ಲಿ ನನ್ನ ಬೀರೇಶ ಮಾತಿನ ಬೇಸಾಯ ಶುರು ಮಾಡಿದ್ದ. ಥೆರಪಿಯ ಹುಡುಗಿ ಚಿತ್ರ ತೋರಿಸುವುದು, ಇವನು ಬೆವರುವುದು. ಹಲಗೆ ಹೋಗಿ ಮೊದಲು ಬಂದ ಹೊಸ ಮಾತು ಕುರಿ. ಅದನ್ನು ನನ್ನ ಮುಖ ನೋಡಿಕೊಂಡೇ ಹೇಳಿದ. ಅಜ್ಜನಿಗೆ ಕುರಿ ಎಂದ! ನಾನು ಬ್ಯಾ ಎಂದೆ. ವಾರ್ಡಿನವರೆಲ್ಲ ನಕ್ಕರು, ಗೌರಮ್ಮನೂ ನಕ್ಕಳು, ಬೀರೇಶನ ಬಾಯಿ ಒಂದು ಪಕ್ಕ ಮಾತ್ರ ನಕ್ಕಿತು. ಆ ಅರ್ಧ ನಗುವಿಗೆ ನಾನು ಇಡೀ ಮಂದೆ ಕೊಟ್ಟರೂ ಕಡಿಮೆ. ಆಮೇಲೆ ನೀರು ಬಂತು, ಅವ್ವ ಬಂತು. ಅಜ್ಜ ಬರಲು ತಡವಾಯಿತು. ಬಂದ ದಿನ ನಾನು ಕೇಳಿಸಲಿಲ್ಲ, ಕೇಳಿಸಲಿಲ್ಲ ಎಂದು ಮತ್ತೆ ಮತ್ತೆ ಹೇಳಿಸಿದೆ. ಕೊನೆಗೆ ಅವನಿಗೇ ಸಿಟ್ಟು ಬಂತು.

ದೊಡ್ಡ ಡಾಕ್ಟರು ಈಗ ಹೇಳಿಕೆ ತೆಗೆದುಕೊಳ್ಳಬಹುದು ಎಂದರು. ನಾನು ಕೊಟ್ಟ ದೂರು ಬಿದ್ದ ಜಾಗದ ಠಾಣೆಗೆ ಹೋಗಿತ್ತು, ಘಟ್ಟದ ಕೆಳಗಿನಿಂದ ಪೊಲೀಸರು ಬಂದರು. ಗುರುತು ಹಿಡಿಸಲೆಂದು ಮೇಸ್ತ್ರಿಯನ್ನೂ ಕರೆತಂದಿದ್ದರು. ನಾನು ಬೀರೇಶನ ಮಂಚದ ತುದಿಗೆ ಕೂತಿದ್ದೆ. ಗಾಬರಿಯಾದರೆ ಅವನಿಗೆ ಬಂದ ಮಾತೂ ಹೋಗಿಬಿಡುತ್ತಿತ್ತು.

"ಸಾರ್, ಇವನ ಮಾತು ಏನ್ ಬರಕೋತೀರಿ?" ಎಂದ ಮೇಸ್ತ್ರಿ ಬಾಗಿಲಲ್ಲಿ ನಿಂತು. "ಬುದ್ಧಿ ನೆಟ್ಟಗಿಲ್ರಿ. ಏನ್ ಕೇಳಿದ್ರೂ ಹಲಗೆ ಅಂತಾನಂತ."

ಡಾಕ್ಟರು ತಮ್ಮ ಪೆನ್ನು ಎತ್ತಿ ಹಿಡಿದರು. "ಇದೇನು ಬೀರೇಶ?"

ಬೀರೇಶನ ಕುತ್ತಿಗೆಯ ನರ ಉಬ್ಬಿತು. "ಪೆ... ಪೆನ್ನು."

"ಇದು?"

"ವಾಚು."

ಪೊಲೀಸಿನವರು ಹತ್ತಿರ ಬಂದು ಕೂತರು. "ಯಾವುದರ ಮೇಲಿಂದ ಬಿದ್ದೆಪ್ಪ ನೀನು?"

"ಹಲಗೆ."

ಯಾರೂ ನಗಲಿಲ್ಲ. ಎಲ್ಲದಕ್ಕೂ ತಪ್ಪಾಗಿದ್ದ ಆ ಮಾತು ಈ ಒಂದು ಪ್ರಶ್ನೆಗೆ ಅಳತೆ ತೆಗೆದು ಮಾಡಿಸಿದ ಹಾಗೆ ಕೂತಿತು.

"ಹಲಗೆ ಸರಿ ಇಲ್ಲ ಅಂತ ಯಾರಿಗಾದ್ರೂ ಹೇಳಿದ್ಯಾ?"

ಬೀರೇಶ ತನ್ನ ಬಲಗೈಯನ್ನು ನೋಡಿದ. ಅದು ಏಳಲಿಲ್ಲ. ಎಡಗೈಯಿಂದ ಅದನ್ನು ಹಿಡಿದು, ಎತ್ತಿ, ಬಾಗಿಲ ಕಡೆ ತಿರುಗಿಸಿದ. ಆ ಸತ್ತಂತಿದ್ದ ಕೈಯ ಬೆರಳು ನೇರ ಮೇಸ್ತ್ರಿಯ ಮೇಲೆ ನಿಂತಿತು.

"ಅವ. ನಾಳೆ... ಅಂದ."

ಮೇಸ್ತ್ರಿ ಹಿಂದಕ್ಕೆ ಹೆಜ್ಜೆ ಇಟ್ಟ. ಹಿಂದೆ ಕಾನ್‌ಸ್ಟೇಬಲ್ ಇದ್ದ. ಗೌರಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಜೋರಾಗಿ ನಕ್ಕುಬಿಟ್ಟೆ. ಆಸ್ಪತ್ರೆಯಲ್ಲಿ ಹಾಗೆ ನಗಬಾರದು, ಗೊತ್ತು. ತಡೆಯಲಾಗಲಿಲ್ಲ. ನಗುತ್ತಿದ್ದಂತೆಯೇ ಅಳು ಬಂತು. ಡಾಕ್ಟರು ನನ್ನ ಹೆಗಲ ಮೇಲೆ ಕೈ ಇಟ್ಟರು. ಸುದ್ದಿ ತಿಳಿದು ಮಂಜನೂ ಹೋಗಿ ತನ್ನ ಹೇಳಿಕೆ ಕೊಟ್ಟು ಬಂದ, ಕೇಸು ಕೋರ್ಟಿಗೆ ಹೋಯಿತು.

ಈಗ ಬೀರೇಶ ಮನೆಯಲ್ಲಿದ್ದಾನೆ. ಬಲಗೈ ಪೂರ್ತಿ ಬಂದಿಲ್ಲ. ಪೂರ್ತಿ ಬರುತ್ತದೆ ಎಂದು ಡಾಕ್ಟರೂ ಹೇಳಿಲ್ಲ. ಎಡಗೈಯಲ್ಲಿ ಉಣ್ಣುತ್ತಾನೆ, ಅನ್ನ ಚೆಲ್ಲಿದರೆ ಮುಖ ತಿರುಗಿಸಿಕೊಳ್ಳುತ್ತಾನೆ. ಮಾತು ಮಧ್ಯದಲ್ಲಿ ನಿಂತುಹೋದಾಗ ಗೋಡೆ ಗುದ್ದುತ್ತಾನೆ. ಇಷ್ಟಾದರೂ ಉಳಿಯಿತಲ್ಲ ಎಂದು ನಾನು ಹೇಳುತ್ತೇನೆ. ಅವನಿಗೆ ಅದು ಸಾಲದು, ಸಾಲಬಾರದು ಕೂಡ. ಇನ್ನೂ ಬೇಕು ಎನ್ನುವವನು ಬದುಕಿನ ಕಡೆ ಮುಖ ಮಾಡಿದ್ದಾನೆ ಎಂದು ನನ್ನ ಸಮಾಧಾನ.

ಮೇಸ್ತ್ರಿಯನ್ನು ಕ್ಷಮಿಸಿಬಿಡು, ದೇವರು ನೋಡಿಕೊಳ್ಳುತ್ತಾನೆ ಎಂದು ಊರಿನ ಹಿರಿಯರು ಬಂದು ಹೇಳಿದರು. ಚಾ ಕೊಟ್ಟು ಕಳಿಸಿದೆ. ಕ್ಷಮಿಸುವುದಿದ್ದರೆ ಬೀರೇಶ ಕ್ಷಮಿಸಬೇಕು, ಅವನಿಗೆ ಆ ಮಾತು ಇನ್ನೂ ಬರುವುದಿಲ್ಲ. ನಾನಂತೂ ದಿನಾ ದೀಪ ಹಚ್ಚುವಾಗ ಮೊಮ್ಮಗನ ಹೆಸರು ಹೇಳಿ, ಅದರ ಹಿಂದೆಯೇ ಮೇಸ್ತ್ರಿಯ ಹೆಸರನ್ನೂ ಹೇಳುತ್ತೇನೆ. ಅವನು ಸಾಯಲಿ ಎಂದಲ್ಲ. ಅವನಿಗೆ ಒಳ್ಳೆಯ ಆಯಸ್ಸು ಕೊಡು, ಕಣ್ಣು ಕಿವಿ ಚುರುಕಾಗಿಡು, ಕಾಲಿನಲ್ಲಿ ಶಕ್ತಿ ಇಡು ಎಂದು ಬೇಡುತ್ತೇನೆ. ಕೋರ್ಟು ಕರೆದ ಪ್ರತಿ ಸಲವೂ ಅವನು ಘಟ್ಟ ಇಳಿದು ಹೋಗಿ ನಿಂತು ಹಲಗೆ ಎನ್ನುವ ಆ ಒಂದು ಮಾತನ್ನು ಕೇಳಬೇಕಲ್ಲ.